ಒಂಬತ್ತು ಮಿಲಿಮೀಟರ್

ಫುಕುವೊಕ
೧೮ ನವೆಂಬರ್ ೨೦೦೩

ಶ್ರೀ ಇನುಜುಕ ತಮೊತ್ಸು ಅವರಿಗೆ ವಂದನೆಗಳು.

ಇಲ್ಲಿ ಬೀದಿಬದಿಯ ಗಿಂಕೊ ಮರಗಳೆಲ್ಲ ಹಳದಿಯಾಗಿವೆ. ನಿಮ್ಮ ಕಿರ್ಯು ಊರಿನಲ್ಲಿ ಬೆಟ್ಟದ ಒಣಗಾಳಿ ಶುರುವಾಗಿರಬೇಕು. ನೀವೂ ನಿಮ್ಮ ಶ್ರೀಮತಿಯವರೂ ಆರೋಗ್ಯದಿಂದ ಇದ್ದೀರೆಂದು ನಂಬಿದ್ದೇನೆ.

ಕಳೆದ ತಿಂಗಳು ನಿಮ್ಮ ೧೯೭೨ರ ಕಾರನ್ನು ಅಳತೆಗೆಂದು ಎರಡು ದಿನ ನಮ್ಮ ಕೈಗೆ ಒಪ್ಪಿಸಿದ್ದಕ್ಕೆ ಇನ್ನೊಮ್ಮೆ ಕೃತಜ್ಞತೆಗಳು. ನಮ್ಮ ರೇಸಿನ ವಿಡಿಯೋ ಗೇಮಿನಲ್ಲಿ ನೂರ ಅರವತ್ತು ಕಾರುಗಳಿರುತ್ತವೆ. ಅವುಗಳಲ್ಲಿ ಕೈಯಿಂದ ತಗಡು ಬಡಿದು ರೂಪಿಸಿದ್ದು ನಿಮ್ಮದೊಂದೇ. ಆ ದಿನ ಶ್ರೀಮತಿಯವರು ಬಡಿಸಿದ ಅಗಲ ನೂಡಲ್ಸಿನ ಮಾತು ನಮ್ಮ ನಾಲ್ಕು ಜನರ ಬಾಯಲ್ಲಿ ಇನ್ನೂ ಇದೆ.

ಒಂದು ಸಣ್ಣ ಪ್ರಶ್ನೆ. ಅಳತೆಗಳನ್ನು ಕಂಪ್ಯೂಟರಿಗೆ ಹಾಕಿದಾಗ, ಹಿಂದಿನ ಎಡ ಚಕ್ರದ ಮೇಲಿನ ಫೆಂಡರ್ ಬಲಕ್ಕಿಂತ ಒಂಬತ್ತು ಮಿಲಿಮೀಟರ್ ಹೆಚ್ಚು ಉಬ್ಬಿರುವುದು ಕಂಡಿತು. ನಮ್ಮ ಕೆಲಸದ ಕ್ರಮ ಏನೆಂದರೆ, ಕಾರಿನ ಅರ್ಧವನ್ನು ಮಾತ್ರ ಮಾಡುತ್ತೇವೆ. ಉಳಿದರ್ಧವನ್ನು ಕಂಪ್ಯೂಟರ್ ಕನ್ನಡಿಯಲ್ಲಿ ಹಿಡಿದಂತೆ ತಿರುಗಿಸಿ ಕೂಡಿಸುತ್ತದೆ. ಎಲ್ಲ ಕಾರುಗಳಿಗೂ ಹೀಗೆಯೇ. ಆದ್ದರಿಂದ ಯಾವ ಬದಿ ಸರಿಯಾದದ್ದು ಎಂದು ನೀವು ಹೇಳಬೇಕು. ತಪ್ಪು ತಿಳಿಯಬೇಡಿ, ಕಾರಿಗೆ ಹಿಂದೆ ಯಾವಾಗಲಾದರೂ ಅಪಘಾತವಾಗಿತ್ತೆ?

ನಮ್ಮೂರಿನ ಖಾರದ ಮೀನಿನ ಮೊಟ್ಟೆಯ ಒಂದು ಪೊಟ್ಟಣ ಕಳಿಸಿದ್ದೇನೆ. ಕಾರನ್ನು ಗೇಮಿನಲ್ಲಿ ಬಳಸಲು ಬೇಕಾದ ಒಪ್ಪಿಗೆ ಪತ್ರವೂ ಜೊತೆಗಿದೆ. ದಯವಿಟ್ಟು ಸಹಿಯ ಜಾಗದಲ್ಲಿ ನಿಮ್ಮ ಹೆಸರಿನ ಮುದ್ರೆ ಒತ್ತಿ ಕಳಿಸಿ.

ನಗಮತ್ಸು ಚಿಹೊ
ಕಾರು ವಿಭಾಗದ ಮುಖ್ಯಸ್ಥೆ


ಕಿರ್ಯು
೨೬ ನವೆಂಬರ್

ನಗಮತ್ಸು ಅವರೇ,

ಗಾಳಿ ಮಳೆಯ ಕುಶಲ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ಆ ಕಾರಿಗೆ ಅಪಘಾತವಾಗಿಲ್ಲ. ಮೂವತ್ತೊಂದು ವರ್ಷದಲ್ಲಿ ಅದಕ್ಕೆ ಒಂದು ಬೆಕ್ಕು ಕೂಡ ಡಿಕ್ಕಿ ಹೊಡೆದಿಲ್ಲ. ನಾನು ಟಿಂಕರಿಂಗ್ ಕೆಲಸದವನು. ಪೆಟ್ಟು ತಿಂದ ಗಾಡಿ ಯಾವುದು, ತಿನ್ನದ್ದು ಯಾವುದು ಎನ್ನುವುದು ಕಣ್ಣು ಮುಚ್ಚಿ ಸವರಿದರೂ ಗೊತ್ತಾಗುತ್ತದೆ. ಈ ಪ್ರಶ್ನೆಯನ್ನು ನನ್ನ ಅಂಗಡಿಯೊಳಗೆ ನಿಂತು ಯಾರಾದರೂ ಕೇಳಿದ್ದರೆ ಚಹಾ ಕುಡಿಸದೆ ಕಳಿಸುತ್ತಿದ್ದೆ.

ನೀವು ಕೇಳಿದ್ದೀರಿ, ಈಗ ನಾನು ಕೇಳುತ್ತೇನೆ. ನಿಮ್ಮ ಜೊತೆ ಬಂದಿದ್ದ ಕನ್ನಡಕದವನು ಎಡ ಫೆಂಡರಿನ ಕೆಳಗೆ ಕೈ ಹಾಕಿಕೊಂಡು ಹತ್ತು ನಿಮಿಷ ಏನು ಮಾಡುತ್ತಿದ್ದ? ಗೇಮಿನಲ್ಲಿ ಆಡುವವನಿಗೆ ತಗಡಿನ ಒಳಮೈ ಯಾಕೆ ಬೇಕು? ಇನ್ನೊಂದು. ಕಾರನ್ನು ಹಿಂದಿರುಗಿಸುವಾಗ ತೊಳೆದು ಕೊಟ್ಟಿರಿ, ಟ್ಯಾಂಕ್ ತುಂಬಿಸಿದಿರಿ, ಸಂತೋಷ. ಆದರೆ ಅಡಿಯನ್ನೂ ತೊಳೆದಿದ್ದಿರಿ. ಮುಚ್ಚಿಡುವುದೇನೂ ಇಲ್ಲದವರು ಕಾರಿನ ಅಡಿ ತೊಳೆಯುವುದನ್ನು ನಾನು ಕಂಡಿಲ್ಲ. ಹೋದ ವರ್ಷ ಪಕ್ಕದ ಜಿಲ್ಲೆಯ ಒಬ್ಬ ಫೋಟೋ ತೆಗೆಯುವ ನೆಪದಲ್ಲಿ ಬಂದು, ನನ್ನ ಒಂದು ಬಾಗಿಲಿನ ಅಚ್ಚು ತೆಗೆದು ಪ್ಲಾಸ್ಟಿಕ್ಕಿನಲ್ಲಿ ಮಾರಿದ. ನೀವು ಬಂದದ್ದು ಗೇಮಿಗೋ ಅಚ್ಚಿಗೋ?

ಯಾವ ಬದಿ ಸರಿ ಎಂದು ಕೇಳಿದ್ದೀರಿ. ಎರಡೂ ಸರಿ. ಅದು ಎರಡು ಕೈಯ ಕೆಲಸ. ಎರಡನ್ನೂ ಇದ್ದ ಹಾಗೆ ಹಾಕಿ. ಇಲ್ಲದಿದ್ದರೆ ಮುದ್ರೆ ಇಲ್ಲ.

ಮೀನಿನ ಮೊಟ್ಟೆ ವಾಪಸ್ ಕಳಿಸಬೇಕೆಂದಿದ್ದೆ. ಅಷ್ಟರಲ್ಲಿ ಹೆಂಡತಿ ಪೊಟ್ಟಣ ಒಡೆದಿದ್ದಳು. ಚೆನ್ನಾಗಿತ್ತು.

ಇನುಜುಕ


ಫುಕುವೊಕ
೯ ಡಿಸೆಂಬರ್

ಇನುಜುಕ ಅವರಿಗೆ ವಂದನೆಗಳು.

ವರ್ಷದ ಕೊನೆ ಹತ್ತಿರ ಬಂತು, ಕಡಲಿನ ಕಡೆಯಿಂದ ಚಳಿ ಬೀಸುತ್ತಿದೆ. ನಿಮ್ಮ ಪತ್ರದಲ್ಲಿ ಋತುವಿನ ಮಾತಿಲ್ಲದ್ದನ್ನು ನೋಡಿ ನಮ್ಮ ಆಫೀಸಿನ ಹಿರಿಯರೊಬ್ಬರು, "ಇದು ಕಾಗದ ಅಲ್ಲಮ್ಮ, ಬೈಗುಳ. ಎರಡು ಕೈಲಿ ತಗೊಂಡು ಕ್ಷಮೆ ಕೇಳು" ಎಂದರು. ಕೇಳುತ್ತಿದ್ದೇನೆ. ಅಪಘಾತದ ಮಾತು ಆಡಬಾರದಿತ್ತು.

ಕನ್ನಡಕದವರ ಹೆಸರು ಕುವಬರ. ನಿಮಗೆ ಸುಳ್ಳು ಹೇಳುವುದು ನನಗೆ ಬೇಡ. ಅವರು ಒಂದು ಕೈಯಿಂದ ಒಳಗೆ ಬೆಸುಗೆಯ ಗುರುತು ತಡವುತ್ತಿದ್ದರು, ಹೊರಗಿದ್ದ ಇನ್ನೊಂದು ಕೈಯಲ್ಲಿ ಒಂದು ಚಿಕ್ಕ ಮ್ಯಾಗ್ನೆಟ್ ಇತ್ತು. ಪೆಟ್ಟು ಮುಚ್ಚಲು ತಗಡಿನ ಮೇಲೆ ಪುಟ್ಟಿ ಬಳಿದಿದ್ದರೆ ಮ್ಯಾಗ್ನೆಟ್ ಹಿಡಿಯುವುದಿಲ್ಲ, ನಿಮಗೇ ಗೊತ್ತು. ಎಲ್ಲ ಕಡೆಯೂ ಹಿಡಿಯಿತಂತೆ. ಅವರ ಸ್ವಭಾವವೇ ಹಾಗೆ. ಕ್ಯಾಂಟೀನಿನ ಗಡಿಯಾರವನ್ನೂ ತಮ್ಮ ಕೈಗಡಿಯಾರದ ಜೊತೆ ತಾಳೆ ನೋಡಿಯೇ ಊಟಕ್ಕೆ ಕೂರುತ್ತಾರೆ.

ಎರಡೂ ಬದಿ ಯಾಕೆ ಕಷ್ಟ ಎಂದು ಹೇಳುತ್ತೇನೆ. ನಮ್ಮ ಗೋಡೆಯ ಮೇಲೆ ಒಂದು ಪಟ್ಟಿ ಇದೆ. ಮೊದಲನೆಯದು ಟೈರಿನ ಹಿಡಿತ, ಎರಡನೆಯದು ಎಂಜಿನ್ನಿನ ಸದ್ದು, ಮೂರನೆಯದು ಮಳೆ. ಆಡುವವರು ಕಾರನ್ನು ತಮಗೆ ಬೇಕಾದಂತೆ ಸಿಂಗರಿಸುವುದು, ಅಂದರೆ ಚಕ್ರ, ಬಣ್ಣ, ಹಿಂದಿನ ರೆಕ್ಕೆ, ಅಗಲದ ಫೆಂಡರ್, ಇವೆಲ್ಲ ನಾಲ್ಕನೆಯದು. ಅದು ನನ್ನ ಪಾಲಿನದು. ಜಾಗ ಮುಗಿದರೆ ಮೊದಲು ಕತ್ತರಿ ಬೀಳುವುದು ನಾಲ್ಕಕ್ಕೆ. ಎರಡು ಬದಿಗೆ ಎರಡು ಫೆಂಡರ್ ಇಟ್ಟರೆ ಡಿಸ್ಕಿನಲ್ಲಿ ಒಂದಕ್ಕೆ ಎರಡರಷ್ಟು ಜಾಗ ಬೇಕು. ನಮ್ಮ ನಿರ್ದೇಶಕರು, "ಗಂಟೆಗೆ ಇನ್ನೂರು ಕಿಲೋಮೀಟರ್ ಓಡಿಸೋನಿಗೆ ಒಂಬತ್ತು ಮಿಲಿಮೀಟರ್ ಕಾಣ್ಸುತ್ತೇನ್ರೀ?" ಎಂದು ಕೇಳಿದರು.

ಎರಡು ಕೈ ಎಂದು ಬರೆದಿದ್ದೀರಿ. ಇನ್ನೊಂದು ಯಾರದು ಎಂದು ಬರೆದಿಲ್ಲ. ಅದು ತಿಳಿದರೆ ನಿರ್ದೇಶಕರ ಮುಂದೆ ಹೇಳಲು ನನಗೊಂದು ಕಾರಣ ಸಿಗುತ್ತದೆ.

ನಗಮತ್ಸು ಚಿಹೊ


ಕಿರ್ಯು
೨೦ ಡಿಸೆಂಬರ್

ನಗಮತ್ಸು ಅವರೇ,

ಈ ಸಲವೂ ಕುಶಲ ಬಿಟ್ಟಿದ್ದೇನೆ.

ಮ್ಯಾಗ್ನೆಟ್ಟಿನ ವಿಷಯ ಒಪ್ಪಿಕೊಂಡಿರಿ, ಒಳ್ಳೆಯದು. ನಮ್ಮ ಮನೆಯಲ್ಲಿ ಊಟ ಮಾಡಿ, ಜೇಬಿನಲ್ಲಿ ಮ್ಯಾಗ್ನೆಟ್ ಇಟ್ಟುಕೊಂಡಿದ್ದವನಿಗೆ ಮುಂದಿನ ಸಲ ನೂಡಲ್ಸ್ ಇಲ್ಲ ಎಂದು ಹೇಳಿ.

ನಿಮ್ಮ ಒಪ್ಪಿಗೆ ಪತ್ರವನ್ನು ಹೆಂಡತಿಯ ಕೈಲಿ ಎರಡು ಸಲ ಗಟ್ಟಿಯಾಗಿ ಓದಿಸಿದೆ. ಏಳನೆಯ ಅಂಶದಲ್ಲಿ, 'ಈ ಕಾರಿನ ಭಾಗಗಳನ್ನು ಬೇರೆ ಕಾರುಗಳಿಗೂ ಜೋಡಿಸಲು ಆಟಗಾರರಿಗೆ ಅವಕಾಶವಿರುತ್ತದೆ' ಎಂದಿದೆ. ಇದರ ಅರ್ಥ ಏನೆಂದು ನೋಡೋಣ ಎಂದು ಪಕ್ಕದ ಊರಿನ ಟಿವಿ ಅಂಗಡಿಗೆ ಹೋಗಿ ನಿಮ್ಮ ಹಿಂದಿನ ಗೇಮನ್ನು ಒಂದು ಗಂಟೆ ನಿಂತು ನೋಡಿದೆ. ಅಂಗಡಿಯ ಹೆಂಗಸು, "ರೆಕ್ಕೆ ಹಾಕ್ಲಾ ಸಾರ್? ಹದಿನೆಂಟು ಥರ ಇದೆ" ಎಂದಳು. ಒಂದು ಒಳ್ಳೆಯ ಕಾರಿನ ಹಿಂದೆ ಬಟ್ಟೆ ಒಣಗಿಸುವ ಗಳುವಿನಂಥದ್ದನ್ನು ಸಿಕ್ಕಿಸಿದಳು. ಆಮೇಲೆ ಗುಲಾಬಿ ಬಣ್ಣ ಬಳಿದಳು. "ಸಾಕಮ್ಮ, ತೆಗಿ ಅದನ್ನ" ಎಂದೆ. "ಇಷ್ಟ ಬಂದಂಗೆ ಮಾಡ್ಕೊಳ್ಳೋದಕ್ಕೇ ಅಲ್ವಾ ಸಾರ್ ಇದು" ಎಂದಳು. ನನ್ನ ಫೆಂಡರಿಗೂ ಇದೇ ಗತಿ ಎಂದು ಆಗ ತಿಳಿಯಿತು.

ಗುಲಾಬಿ ಬಣ್ಣ ಬೇಕಾದರೆ ಬಳಿಯಲಿ, ಒರೆಸಿದರೆ ಹೋಗುತ್ತದೆ. ನನ್ನ ತಕರಾರು ಬೇರೆ. ಎಡಗಡೆಯದನ್ನು ಬಡಿದವನು ಬೇರೊಬ್ಬ. ಅವನು ಈಗ ಇಲ್ಲಿ ಕೆಲಸ ಮಾಡುವುದಿಲ್ಲ. ನೀವು ಬಲವನ್ನು ತಿರುಗಿಸಿ ಎಡಕ್ಕೆ ಅಂಟಿಸಿದರೆ ಅವನು ಇದ್ದದ್ದೇ ಸುಳ್ಳಾಗುತ್ತದೆ. ಕಾರು ಪೂರ್ತಿ ನಂದೇ ಎಂದು ನಾನು ಹೇಳಿಕೊಂಡ ಹಾಗಾಗುತ್ತದೆ. ಆ ಮಾತು ನನ್ನ ಮೇಲೆ ಬರುವುದು ಬೇಡ. ಇಷ್ಟು ತಿಳಿದರೆ ಸಾಕು.

ನನಗೊಂದು ಅನುಮಾನ ಇದೆ. ಯಾವ ಬದಿ ಎಂದು ಕೇಳುತ್ತಿದ್ದೀರಲ್ಲ, ನೀವು ಆಗಲೇ ಒಂದನ್ನು ತಿರುಗಿಸಿ ಆಗಿದೆಯೋ ಏನೋ.

ಇನುಜುಕ


ಫುಕುವೊಕ
೧೪ ಜನವರಿ ೨೦೦೪

ಇನುಜುಕ ತಮೊತ್ಸು ಅವರಿಗೆ,

ಹೊಸ ವರ್ಷದ ಶುಭಾಶಯಗಳು. ಈ ಪತ್ರ ಬರೆಯಲು ನನಗೆ ಇಷ್ಟವಿಲ್ಲ, ಆದರೂ ಬರೆಯಬೇಕಾಗಿದೆ.

ನಿಮ್ಮ ಕಾರಿನ ಬಗ್ಗೆ ಗೇಮಿನಲ್ಲಿ ನಾಲ್ಕು ಸಾಲಿನ ಪರಿಚಯ ಬರೆಯಲು ಕುವಬರ ಹಳೆಯ ಪತ್ರಿಕೆಗಳನ್ನು ಹುಡುಕಿದರು. ಕೊಕುರದ ಹಳೆಪುಸ್ತಕದ ಅಂಗಡಿಯಲ್ಲಿ ೧೯೭೩ರ ಮೇ ತಿಂಗಳ ಒಂದು ಕಾರು ಪತ್ರಿಕೆ ಸಿಕ್ಕಿತು. ನಲವತ್ತೆರಡನೆಯ ಪುಟದಲ್ಲಿ ನಿಮ್ಮ ಕಾರಿನ ಚಿತ್ರವಿದೆ. ಕೆಳಗೆ, 'ರೂಪಿಸಿದವರು ಇನುಜುಕ ಇಸಾವೊ' ಎಂದಿದೆ. ತಮೊತ್ಸು ಎಂಬ ಹೆಸರು ಎಲ್ಲಿಯೂ ಇಲ್ಲ.

ಕುವಬರ ಆ ಪುಟವನ್ನು ನನ್ನ ಮೇಜಿನ ಮೇಲಿಟ್ಟು, "ನಾವು ಮುದ್ರೆ ಕೇಳ್ತಿರೋದು ಸರಿಯಾದ ಮನುಷ್ಯನ್ನ ತಾನೆ?" ಎಂದರು. ನಿಮ್ಮ ಪತ್ರಗಳನ್ನು ತೆಗೆದು ಮತ್ತೆ ಓದಿದೆ. ನೀವು ಎರಡು ಕೈ ಎಂದಿರಿ, ಬೇರೊಬ್ಬ ಎಂದಿರಿ. ಆ ಬೇರೊಬ್ಬರಿಗೆ ನಿಮ್ಮ ಮನೆತನದ ಹೆಸರೇ ಇದೆ ಎನ್ನುವುದನ್ನು ಹೇಳಲಿಲ್ಲ. ಕಂಪನಿಯ ಕಾನೂನು ವಿಭಾಗ ಕೇಳುತ್ತಿದೆ, ಬಲಗಡೆಯದು ನಿಜಕ್ಕೂ ನಿಮ್ಮದೇ? ಅದಕ್ಕೆ ಏನಾದರೂ ದಾಖಲೆ ಇದೆಯೆ?

ಫೆಬ್ರವರಿ ಇಪ್ಪತ್ತಕ್ಕೆ ಕಾರುಗಳ ಪಟ್ಟಿ ಮುಚ್ಚುತ್ತದೆ. ಅಷ್ಟರೊಳಗೆ ಉತ್ತರವೂ ಮುದ್ರೆಯೂ ಬರದಿದ್ದರೆ ನಿಮ್ಮ ಕಾರು ಗೇಮಿನಲ್ಲಿ ಇರುವುದಿಲ್ಲ. ಅದರ ಜಾಗಕ್ಕೆ ಬರುವ ಕಾರು ಆಗಲೇ ಸಿದ್ಧವಿದೆ.

ನಗಮತ್ಸು ಚಿಹೊ


ಕಿರ್ಯು
೨೨ ಜನವರಿ

ನಗಮತ್ಸು ಅವರೇ,

ದಾಖಲೆ ಕೇಳಿದ್ದೀರಿ. ನನ್ನ ಬಳಿ ಇರುವುದು ಒಂದು ಸುತ್ತಿಗೆ. ಅದರ ಮೂತಿಯಲ್ಲಿ ಒಂದು ಸಣ್ಣ ಚಿಪ್ಪು ಎದ್ದುಹೋಗಿದೆ. ಬಲ ಫೆಂಡರಿನ ಒಳಮೈಯಲ್ಲಿ ಅದರ ಗುರುತು ಸಾಲಾಗಿ ಬಿದ್ದಿದೆ. ನಿಮ್ಮ ಕುವಬರ ತಪ್ಪು ಫೆಂಡರಿನ ಕೆಳಗೆ ಕೈ ಹಾಕಿದ.

ಇಸಾವೊ ನನ್ನ ಅಣ್ಣ, ನನಗಿಂತ ಆರು ವರ್ಷ ದೊಡ್ಡವನು. ಕೆಲಸ ಕಲಿಸಿದವನು ಅವನೇ. ಆ ಕಾರನ್ನು ಮಾಡುವಾಗ ನನಗೆ ಇಪ್ಪತ್ತನಾಲ್ಕು. "ಅಚ್ಚು ಇಲ್ಲದೆ ಮಾಡೋಣ. ಎಡ ನಂದು, ಬಲ ನಿಂದು. ಯಾರ್ದು ಚೆನ್ನಾಗಿರುತ್ತೆ ನೋಡೇಬಿಡೋಣ" ಎಂದ. ನಡುವೆ ಒಂದು ಹಳೆಯ ಚಾಪೆ ನೇತುಹಾಕಿಕೊಂಡು ಬಡಿದೆವು. ಚಾಪೆ ತೆಗೆದಾಗ ಅವನದು ಒಂಬತ್ತು ಮಿಲಿಮೀಟರ್ ಹೆಚ್ಚಿತ್ತು. "ನಿಂದು ಬೆಳೆಸೋ" ಎಂದ. "ನಿಂದು ಇಳಿಸು" ಎಂದೆ. ಇಬ್ಬರೂ ಕೈ ಹಚ್ಚಲಿಲ್ಲ. ನಕ್ಕು ಬಣ್ಣ ಬಳಿದೆವು. ನನ್ನ ಬದುಕಿನಲ್ಲಿ ಅಷ್ಟು ನಕ್ಕದ್ದು ಇನ್ನೊಮ್ಮೆ ಇಲ್ಲ.

ಪತ್ರಿಕೆಯವರು ಬಂದ ದಿನ ನಾನು ತಗಡು ತರಲು ಹೋಗಿದ್ದೆ. ಸಂಚಿಕೆ ಬಂದಾಗ ನೀವು ನೋಡಿದ ಆ ಸಾಲನ್ನು ನಾನೂ ನೋಡಿದೆ. ಅಣ್ಣ, "ಇಬ್ಬರ ಹೆಸರೂ ಹೇಳಿದ್ದೆ ಕಣೋ" ಎಂದ. "ಹಾಗಾದ್ರೆ ನನ್ನ ಹೆಸರು ಎಲ್ಲೋಯ್ತು? ಇಲಿ ತಿಂತಾ?" ಎಂದೆ. ಅವನು ಇನ್ನೊಂದು ಸಲ ಅದನ್ನೇ ಹೇಳಿದ. ನಾನು, "ಬಿಡಪ್ಪ, ಅಂಗಡಿ ನಿಂದು, ಕಾರು ನಿಂದು, ಹೆಸರೂ ನಿಂದೇ" ಎಂದೆ. ಒಂದು ತಿಂಗಳು ಒಂದೇ ಮನೆಯಲ್ಲಿ ಮಾತಿಲ್ಲದೆ ಉಂಡೆವು. ಜೂನಿನಲ್ಲಿ ಅವನು ನಿಯಿಗತ ಕಡೆಗೆ ಹೋದ, ತ್ಸುಬಮೆ ಊರಿನಲ್ಲಿ ತಾಮ್ರದ ಕೆಟಲ್ ಬಡಿಯುವ ಕೆಲಸ ಹಿಡಿದ. ಅಂಗಡಿಯನ್ನೂ ಕಾರನ್ನೂ ನನ್ನ ಹೆಸರಿಗೆ ಬರೆದಿಟ್ಟು ಹೋಗಿದ್ದ. ಅದನ್ನು ನಾನು ತಪ್ಪೊಪ್ಪಿಗೆ ಎಂದುಕೊಂಡೆ. ತಪ್ಪು ಮಾಡದವನು ಇಷ್ಟೆಲ್ಲ ಯಾಕೆ ಬಿಟ್ಟುಹೋಗುತ್ತಾನೆ ಎಂದು.

ಎರಡು ವರ್ಷದ ಹಿಂದೆ ತೀರಿಕೊಂಡ. ಹೋಗಿ ಊದುಬತ್ತಿ ಹಚ್ಚಿ ಬಂದೆ. ಅತ್ತಿಗೆಯ ಮುಖ ಸರಿಯಾಗಿ ನೋಡಲಿಲ್ಲ.

ಅವನು ನನ್ನ ಹೆಸರು ನುಂಗಿದ ಎಂದು ಮೂವತ್ತು ವರ್ಷ ನಂಬಿದ್ದೇನೆ, ಈಗಲೂ ನಂಬಿದ್ದೇನೆ. ಅವನ ಹೆಸರು ನಾನು ನುಂಗುವುದಿಲ್ಲ. ಅಷ್ಟೇ ನನ್ನ ತಕರಾರು. ಎರಡು ಬದಿ ಹಾಕುವುದಾದರೆ ಹಾಕಿ, ಇಲ್ಲದಿದ್ದರೆ ನಿಮ್ಮ ಸಿದ್ಧವಿರುವ ಕಾರನ್ನೇ ಹಾಕಿಕೊಳ್ಳಿ.

ಇನುಜುಕ ತಮೊತ್ಸು


ಫುಕುವೊಕ
೩ ಫೆಬ್ರವರಿ

ಇನುಜುಕ ಅವರಿಗೆ,

ಋತುವಿನ ಮಾತು ಇವತ್ತು ನಾನೇ ಬಿಡುತ್ತಿದ್ದೇನೆ, ಕ್ಷಮಿಸಿ. ಬೇಗ ಹೇಳಬೇಕಾದ ಎರಡು ವಿಷಯಗಳಿವೆ.

ಮೊದಲನೆಯದು ನನ್ನ ತಪ್ಪು. ನಿಮ್ಮ ಅನುಮಾನ ಸರಿ. ನವೆಂಬರಿನಲ್ಲಿ ಯಾವ ಬದಿ ಎಂದು ನಾನು ಕೇಳಿದಾಗ, ಬಲವನ್ನು ತಿರುಗಿಸಿ ಎಡಕ್ಕೆ ಕೂಡಿಸಿ ಆಗಿತ್ತು. ಎಡಗಡೆಯದು ಪೆಟ್ಟು ಬಿದ್ದು ರಿಪೇರಿಯಾದದ್ದೆಂದು ನಾವೇ ತೀರ್ಮಾನಿಸಿಬಿಟ್ಟಿದ್ದೆವು. ನೀವೂ ಬಲ ಎಂದೇ ಹೇಳುತ್ತೀರಿ, ಕೆಲಸ ಉಳಿಯುತ್ತದೆ ಎಂದು ನಂಬಿ ಕೇಳಿದ್ದೆ. ಡಿಸೆಂಬರಿನಲ್ಲಿ ಸುಳ್ಳು ಹೇಳುವುದು ಬೇಡ ಎಂದು ಬರೆದೆನಲ್ಲ, ಆಗಲೂ ಇದನ್ನು ಮುಚ್ಚಿಟ್ಟಿದ್ದೆ. ನನಗೆ ನಾಚಿಕೆಯಾಗಿದೆ.

ಎರಡನೆಯದು. ನಿಮ್ಮ ಪತ್ರವನ್ನು ಕುವಬರ ಅವರಿಗೆ ತೋರಿಸಿದೆ. ಅವರು ಓದಿ, "ಇವರು ಹೇಳೋದು ಸುಳ್ಳಿರಬಹುದು, ಪತ್ರಿಕೆ ಹೇಳೋದೂ ಸುಳ್ಳಿರಬಹುದು. ಅಚ್ಚಾದ್ದೆಲ್ಲ ನಿಜ ಅಂತ ಯಾರು ಹೇಳಿದ್ದು?" ಎಂದು ಮತ್ತೆ ಕೊಕುರಕ್ಕೆ ಹೋದರು. ಆ ಪತ್ರಿಕೆಯ ೧೯೭೩ರ ಉಳಿದ ಸಂಚಿಕೆಗಳನ್ನೆಲ್ಲ ಅಂಗಡಿಯ ನೆಲದ ಮೇಲೆ ಕೂತು ಹಾಳೆ ಹಾಳೆ ತಿರುವಿದರಂತೆ. ಆಗಸ್ಟ್ ಸಂಚಿಕೆಯ ಕೊನೆಯ ಪುಟದಲ್ಲಿ, ಹಳೆ ಕಾರು ಕೊಳ್ಳುವ ಮಾರುವ ಜಾಹೀರಾತುಗಳ ಕೆಳಗೆ ಇದು ಸಿಕ್ಕಿತು. ಜೆರಾಕ್ಸ್ ಪ್ರತಿ ಜೊತೆಗಿದೆ. ಅಕ್ಷರ ತುಂಬ ಸಣ್ಣದು, ಆದ್ದರಿಂದ ಇಲ್ಲಿಯೂ ಬರೆಯುತ್ತೇನೆ.

'ತಿದ್ದುಪಡಿ. ಮೇ ಸಂಚಿಕೆಯ ನಲವತ್ತೆರಡನೆಯ ಪುಟದ ಕಾರಿನ ಬಲಬದಿಯನ್ನು ರೂಪಿಸಿದವರು ಇನುಜುಕ ತಮೊತ್ಸು. ಅವರ ಹೆಸರು ನಮ್ಮ ಕಚೇರಿಯಲ್ಲಿ ಬಿಟ್ಟುಹೋಗಿತ್ತು. ಈ ಬಗ್ಗೆ ಮೂರು ಪತ್ರ ಬರೆದು ಒತ್ತಾಯಿಸಿದ ಶ್ರೀ ಇನುಜುಕ ಇಸಾವೊ ಅವರಲ್ಲಿ ವಿಷಾದ ವ್ಯಕ್ತಪಡಿಸುತ್ತೇವೆ.'

ಇದಕ್ಕಿಂತ ಹೆಚ್ಚು ಬರೆಯಲು ನನಗೆ ಗೊತ್ತಾಗುತ್ತಿಲ್ಲ.

ನಗಮತ್ಸು ಚಿಹೊ


ಕಿರ್ಯು
೧೪ ಫೆಬ್ರವರಿ

ನಗಮತ್ಸು ಚಿಹೊ ಅವರಿಗೆ ವಂದನೆಗಳು.

ಅಂಗಡಿಯ ಹಿಂದಿನ ಪ್ಲಮ್ ಮರದಲ್ಲಿ ಐದಾರು ಹೂ ಬಿಟ್ಟಿವೆ. ಒಣಗಾಳಿ ಇನ್ನೂ ನಿಂತಿಲ್ಲ. ನೀವೂ ಕುವಬರ ಅವರೂ ಕ್ಷೇಮವೆಂದು ನಂಬಿದ್ದೇನೆ.

ಪತ್ರ ಬಂದು ಒಂದು ವಾರವಾಯಿತು. ಅಂಗಡಿ ಎರಡು ದಿನ ತೆರೆಯಲಿಲ್ಲ. ಆ ಮೇ ಸಂಚಿಕೆಯನ್ನು ಒಲೆಗೆ ಹಾಕಿದ ಮೇಲೆ ನಾನು ಆ ಪತ್ರಿಕೆಯನ್ನು ಕೈಯಲ್ಲಿ ಹಿಡಿದಿರಲಿಲ್ಲ. ಕ್ಷೌರದಂಗಡಿಯಲ್ಲಿ ಕಂಡರೂ ಮುಖ ತಿರುಗಿಸುತ್ತಿದ್ದೆ. ಜೆರಾಕ್ಸ್ ಹಾಳೆಯ ಮೇಲೂ ಮೊದಲು ಅನುಮಾನ ಬಂತು. ನೀವೇ ಕಂಪ್ಯೂಟರಿನಲ್ಲಿ ಮಾಡಿರಬಹುದೆಂದು ಭೂತಗನ್ನಡಿ ಹಿಡಿದು ನೋಡಿದೆ. ಹೆಂಡತಿ ನೋಡಿ, "ಇನ್ನೂ ಎಷ್ಟ್ ದಿನ ಅಂತ ಹುಡುಕ್ತೀರಿ? ಭಾವ ಮೂರು ಕಾಗದ ಬರೆದಿದ್ದಾರೆ. ನೀವು ಒಂದಾದ್ರೂ ಬರೆದ್ರಾ?" ಎಂದಳು. ಭೂತಗನ್ನಡಿ ಕೆಳಗಿಟ್ಟೆ.

ಒಪ್ಪಿಗೆ ಪತ್ರಕ್ಕೆ ಮುದ್ರೆ ಒತ್ತಿದ್ದೇನೆ. ಸ್ವಲ್ಪ ಓರೆಯಾಗಿದೆ, ಕಾನೂನಿನವರು ನಡೆಸಿಕೊಳ್ಳಲಿ. ಈಗ ಯಾವ ತಕರಾರೂ ಇಲ್ಲ. ಒಂದೇ ಬದಿಗೆ ಜಾಗವಿರುವುದಾದರೆ ಎಡವನ್ನು ತಿರುಗಿಸಿ. ಎರಡೂ ಕಡೆ ಅವನೇ ಇರಲಿ. ಅಂಗಡಿಗೂ ಕಾರಿಗೂ ಇಷ್ಟು ವರ್ಷ ನಾನೊಬ್ಬನೇ ಇದ್ದೆನಲ್ಲ.

ನೀವು ಮುಚ್ಚಿಟ್ಟ ವಿಷಯ ನಾನು ಆಗಲೇ ಮರೆತಿದ್ದೇನೆ. ಕುವಬರ ಅವರಿಗೆ ಹೇಳಿ, ಇಲ್ಲಿಗೆ ಬಂದರೆ ನೂಡಲ್ಸ್ ಇದೆ. ಮ್ಯಾಗ್ನೆಟ್ ತಂದರೂ ಆದೀತು.

ಇನುಜುಕ ತಮೊತ್ಸು


ಫುಕುವೊಕ
೨ ಡಿಸೆಂಬರ್ ೨೦೦೪

ಇನುಜುಕ ಅವರಿಗೆ ವಂದನೆಗಳು.

ಚಳಿ ಮತ್ತೆ ಬಂತು. ಕೆಲಸದ ಗದ್ದಲದಲ್ಲಿ ಹತ್ತು ತಿಂಗಳು ಪತ್ರ ಬರೆಯಲಾಗಲಿಲ್ಲ.

ಗೇಮ್ ಹೊರಬಂದಿದೆ. ನಿಮ್ಮ ಪ್ರತಿ ಜೊತೆಗಿದೆ. ನೀವು ಹೇಳಿದಂತೆ ಎಡವನ್ನು ತಿರುಗಿಸಲಿಲ್ಲ, ಆ ಒಂದು ಮಾತು ಮೀರಿದ್ದೇವೆ. ಪಟ್ಟಿ ಮುಚ್ಚುವ ಸಭೆಯಲ್ಲಿ ಜಾಗಕ್ಕಾಗಿ ಯಾವುದನ್ನು ಬಿಡುತ್ತೀರಿ ಎಂದು ನಿರ್ದೇಶಕರು ಕೇಳಿದರು. ಆ ಬಟ್ಟೆ ಗಳುವಿನಂಥ ರೆಕ್ಕೆಯನ್ನು ಬಿಡುತ್ತೇವೆ ಎಂದೆ. "ಹುಡುಗರು ಬೈತಾರೆ" ಎಂದರು. ಬೈಯಲಿ ಎಂದು ಕುವಬರ ಅವರೂ ನಾನೂ ಹೇಳಿದೆವು. ನೂರ ಅರವತ್ತು ಕಾರುಗಳಲ್ಲಿ ಎರಡು ಬದಿ ಬೇರೆ ಬೇರೆ ಇರುವುದು ಒಂದಕ್ಕೇ. ಬಿಡಿಭಾಗಗಳ ಪಟ್ಟಿಯಲ್ಲಿ ಎಡಕ್ಕೆ ಇಸಾವೊ, ಬಲಕ್ಕೆ ತಮೊತ್ಸು ಎಂದು ಬರೆದಿದ್ದೇವೆ. ಆಡುವವರು ಅದನ್ನು ಬೇರೆ ಕಾರಿಗೆ ಜೋಡಿಸಿದರೂ ಎರಡೂ ಒಟ್ಟಿಗೇ ಬರುತ್ತವೆ, ಒಂದನ್ನೇ ಬಿಡಿಸಲು ಬರುವುದಿಲ್ಲ.

ನಗಮತ್ಸು ಚಿಹೊ


ಕಿರ್ಯು
೧೯ ಡಿಸೆಂಬರ್

ನಗಮತ್ಸು ಅವರಿಗೆ ವಂದನೆಗಳು.

ಬೆಟ್ಟದ ತುದಿಯಲ್ಲಿ ಹಿಮ ಬಿದ್ದಿದೆ.

ಗೇಮ್ ಆಡುವ ಯಂತ್ರ ಎರವಲು ತಂದು ಡಿಸ್ಕ್ ಹಾಕಿದೆವು. ಓಡಿಸಲು ನನಗೆ ಬರುವುದಿಲ್ಲ, ನಿಲ್ಲಿಸಿಕೊಂಡೇ ನೋಡಿದೆ. ಕಾರಿನ ಹಿಂಭಾಗ ಪರದೆಯ ತುಂಬ ಕಂಡಿತು. ನಿಮ್ಮ ಪತ್ರದಲ್ಲಿ ಬರೆದದ್ದನ್ನು ನಂಬದೆ, ಉಕ್ಕಿನ ಸ್ಕೇಲ್ ತಂದು ಟಿವಿ ಗಾಜಿನ ಮೇಲಿಟ್ಟು ಅಳೆದೆ. ನಡುಗೆರೆಯಿಂದ ಬಲಕ್ಕೆ ನೂರ ಹತ್ತು, ಎಡಕ್ಕೆ ನೂರ ಹನ್ನೊಂದು. ಹೆಂಡತಿ ತಲೆ ತಲೆ ಚಚ್ಚಿಕೊಂಡಳು. ಅಣ್ಣನದು ಈಗಲೂ ಒಂದು ಮಿಲಿಮೀಟರ್ ದೊಡ್ಡದಿದೆ.

ನಾಳೆ ಕಾರು ತೆಗೆದುಕೊಂಡು ತ್ಸುಬಮೆಗೆ ಹೋಗುತ್ತೇವೆ. ಆ ಜೆರಾಕ್ಸ್ ಹಾಳೆಯನ್ನು ಅತ್ತಿಗೆಗೆ ಕೊಡಬೇಕು. ಅಲ್ಲಿ ಹೇಳಬೇಕಾದ ಮಾತನ್ನು ನಾಲ್ಕು ದಿನದಿಂದ ಬರೆದು ನೋಡುತ್ತಿದ್ದೇನೆ. ಹಾಳೆ ಹಾಳೆ ಹರಿದ ಮೇಲೆ ಉಳಿದದ್ದು ಒಂದೇ ಸಾಲು. ಅದನ್ನು ಮೊದಲು ನಿಮಗೆ ಬರೆಯುತ್ತಿದ್ದೇನೆ, ಬರೆಯಬೇಕಾದವನಿಗೆ ಈಗ ವಿಳಾಸವಿಲ್ಲ.

ಅಣ್ಣ, ನೀನು ಹೇಳಿದ್ದೆ. ನಾನು ನಂಬಲಿಲ್ಲ.

ತಮೊತ್ಸು